ಬಾತುಮರಿಗೆ ಹಾಕಿದ ಹೊಲಿಗೆ

ಚಿತ್ರಪುಸ್ತಕದ ಪ್ರಾಣಿಗಳು ತಮ್ಮಿಷ್ಟದಂತೆ ಪುಟದಿಂದ ಪುಟಕ್ಕೆ ಓಡಾಡತೊಡಗಿದ ಮೇಲೆ ಗ್ರಂಥಾಲಯದ ಬೈಂಡರ್ ಸರ್ವಮಂಗಳಮ್ಮನಿಗೆ ಒಂದು ಕೆಲಸ ಹೆಚ್ಚಾಗಿತ್ತು. ಅಮ್ಮಂದಿರು ತೋರಿಸಿದ ಪ್ರಾಣಿಯನ್ನು ಮೊದಲ ಪುಟಕ್ಕೇ ಹೊಲಿದು ಕೊಡಬೇಕಿತ್ತು.

"ಈ ಬಾತುಮರಿ ಮತ್ತೆ ಒಳಪುಟದ ಕೆರೆಗೆ ಇಳಿದಿದೆ ನೋಡ್ರೀ. ನಮ್ಮ ಇಂಚರ ಇದನ್ನೇ ಕಲಿತರೆ?" ಎಂದಳು ಶ್ರೀಲತಾ.

ಏಳು ವರ್ಷದ ಇಂಚರಳ ಚಪ್ಪಲಿ ಬಿಚ್ಚಿದ್ದೂ ತಾಯಿಯೇ, ಮೂಗು ಒರೆಸಿದ್ದೂ ತಾಯಿಯೇ. ಬಾತುಕೋಳಿಗೂ ಈಜು ಬೇಡವೆನ್ನುವ ಈ ಮಹಾ ಬುದ್ಧಿವಂತೆಯನ್ನು ಸರ್ವಮಂಗಳಮ್ಮ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬಾತುಮರಿ ನೀರಲ್ಲಿ ಮುಳುಗಿದ್ದನ್ನ ಎಲ್ಲಾದ್ರೂ ಕಂಡಿದ್ದೀಯೇನಮ್ಮಾ?"

"ಶೀತ ಆಗಲ್ವೇನ್ರೀ? ಗಟ್ಟಿಯಾಗಿ ಹೊಲೀರಿ."

ಒದ್ದಾಡುತ್ತಿದ್ದ ಮರಿಯ ಕಾಲಿಗೆ ಸರ್ವಮಂಗಳಮ್ಮ ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟು ಹಾಕಿ, ದಾರದ ತುದಿಯನ್ನು ಪುಸ್ತಕದ ಹೊರಗೆ ಇಳಿಬಿಟ್ಟು, ಅದನ್ನು ಇಂಚರಳಿಗೆ ಕಣ್ಣಲ್ಲೇ ತೋರಿಸಿದಳು.

"ಅಮ್ಮಾ, ಪುಸ್ತಕ ನಾನ್ ಹಿಡ್ಕೊಳ್ಲಾ?"

"ಬೇಡ ಪುಟ್ಟಾ, ಕೈ ನೋಯುತ್ತೆ."

ಶ್ರೀಲತಾ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ಮಗಳ ಕೈಹಿಡಿದು ಹೊರಟಳು. ಬಾಗಿಲಲ್ಲಿ ಇಂಚರ ಒಮ್ಮೆ ಹಿಂದಿರುಗಿ ನೋಡಿ, ಇನ್ನೊಂದು ಕೈಯಿಂದ ದಾರ ಎಳೆದಳು.

ಪುಸ್ತಕದೊಳಗೆ ದುಡುಮ್ಮೆಂದು ಸದ್ದಾಯಿತು. ಮೆಟ್ಟಿಲು ಇಳಿಯುವಷ್ಟರಲ್ಲಿ ಶ್ರೀಲತಾಳ ಸೀರೆ ಕೆರೆಯ ನೀರಿನಲ್ಲಿ ತೊಯ್ದು ತೊಪ್ಪೆಯಾಗಿತ್ತು.