ಹಕ್ಕಿ ಸಾಲು

ಗೋಕಾಕದ ಹಕ್ಕಿ ಬಳಗದವರ ಟೆಂಪೊ ಹೊಲದ ದಾರಿಗೆ ತಿರುಗಿ ಹಾರ್ನ್ ಹೊಡೆದಾಗ ಲಕ್ಕಪ್ಪ ಕಾಲುವೆ ದಂಡೆಯ ಜೋಳದ ಸಾಲಿನಲ್ಲಿ ನಿಂತು ಕುಡಗೋಲಿನಿಂದ ತೆನೆ ಕೊಯ್ಯುತ್ತಿದ್ದ. ಹಸಿರು ಕಾಳಿನ ಎಳೆಯ ತೆನೆಗಳು. ಹಿಚುಕಿದರೆ ಹಾಲು ಬರುತ್ತಿತ್ತು.

"ಅದಕ್ಕ ಕೈ ಹಚ್ಚಬ್ಯಾಡ್ರಿ," ಎಂದಳು ಹೆಂಡತಿ ಕಾಶೆವ್ವ, ತಲೆಯ ಮೇಲಿನ ರೊಟ್ಟಿ ಬುಟ್ಟಿ ಇಳಿಸುತ್ತ. "ಅದು ಹಕ್ಕಿದು."

"ಮತ್ತ ಬಂದ ಮಂದಿ ಏನ ತಿನ್ನಬೇಕ? ಉಳಿದ ಜ್ವಾಳ ಎಲ್ಲಾ ಬಲತ ಕಲ್ಲಾಗೇತಿ."

"ಅವರು ಬರಾಕತ್ತಿದ್ದ ಇದನ್ನ ನೋಡಾಕ ಅಲ್ಲೇನ್ರಿ?"

ಲಕ್ಕಪ್ಪ ಕುಡಗೋಲು ನಿಲ್ಲಿಸಲಿಲ್ಲ. ಹೋದ ವಾರ ಬರಬೇಕಾಗಿದ್ದ ಗೋಕಾಕದ ಮಂದಿ ಏನೋ ಅಡಚಣೆ ಎಂದು ಈ ವಾರಕ್ಕೆ ಮುಂದೆ ಹಾಕಿದ್ದರು. ಮುಂದೆ ಹಾಕಿದ ಸುದ್ದಿ ಜೋಳಕ್ಕೆ ಯಾರು ಹೇಳಬೇಕು? ಅದು ತನ್ನ ಪಾಡಿಗೆ ಬಲಿತುಬಿಟ್ಟಿತ್ತು. ಕಾಲುವೆಯ ತಂಪಿಗೆ ಇನ್ನೂ ಎಳೆಯದಾಗಿ ಉಳಿದದ್ದು ಈ ಸಾಲು ಒಂದೇ. ಸುಟ್ಟ ಎಳೆ ಜೋಳದ ಸೀತನಿ ತಿನ್ನಲು ಬರ್ರಿ ಎಂದು ಕರೆದು, ಬಂದವರಿಗೆ ಹಲ್ಲು ಮುರಿಯುವ ಕಾಳು ಕೊಟ್ಟರೆ ಮೇಲವಂಕಿ ಊರಿನ ಮರ್ಯಾದೆ ಏನಾದೀತು?

ನಿಜ ಹೇಳಬೇಕೆಂದರೆ ಆ ಸಾಲು ಲಕ್ಕಪ್ಪನದಾಗಿರಲೇ ಇಲ್ಲ. ಮದುವೆಯಾಗಿ ಬಂದ ವರ್ಷದಿಂದ ಕಾಶೆವ್ವ ಅದನ್ನು ಹಕ್ಕಿಗೆಂದು ಬಿಡುತ್ತಿದ್ದಳು. ಹೊಲದ ಉಳಿದ ಕಡೆ ಕವಣೆ ಬೀಸಿ ಗುಬ್ಬಿಗಳನ್ನು ಓಡಿಸುತ್ತಿದ್ದವಳೇ ಅವಳು. ಆದರೆ ಆ ಸಾಲಿನ ಮೇಲೆ ಒಂದು ಹರಳು ಬೀಳುತ್ತಿರಲಿಲ್ಲ. ಹಕ್ಕಿಗಳಿಗೂ ಅದು ಗೊತ್ತಾಗಿ ಹೋಗಿತ್ತು. ಸುಮ್ಮನೆ ಕಾಳು ಹಾಳು ಎಂದು ವರ್ಷಾ ವರ್ಷ ಜಗಳ ತೆಗೆಯುತ್ತಿದ್ದವನು ಲಕ್ಕಪ್ಪ. ಹೋದ ಸುಗ್ಗಿಯಲ್ಲಿ ಆ ದಾರಿಯಲ್ಲಿ ಹೊರಟಿದ್ದ ಹಕ್ಕಿ ಬಳಗದ ದೀಪಾ ಟೀಚರ್ ಗಾಡಿ ನಿಲ್ಲಿಸಿ, "ಇದೊಂದ ಸಾಲ ಯಾಕ ಕೊಯ್ದಿಲ್ರಿ ಕಾಕಾ?" ಎಂದು ಕೇಳಿದಾಗ, "ಹಕ್ಕಿಗೆ ಬಿಟ್ಟೇನ್ರಿ" ಎಂದು ಬಾಯಿ ಜಾರಿತು. ಆಕೆಯ ಕಣ್ಣಲ್ಲಿ ಮೂಡಿದ ಗೌರವ ನೋಡಿದ ಮೇಲೆ ತಿದ್ದಿ ಹೇಳಲು ಮನಸ್ಸೇ ಬರಲಿಲ್ಲ. ಇವತ್ತಿನ ಸೀತನಿ, ಸನ್ಮಾನ ಎಲ್ಲ ಬಂದದ್ದು ಆ ಒಂದು ಮಾತಿನಿಂದ.

ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿ ಬಿಸಿ ಕಾಳು ಸುರಿದಂತೆ ಹಕ್ಕಿ ಬಳಗದವರು ಶೇಂಗಾ ಚಟ್ನಿ, ಬೆಲ್ಲ, ಮೊಸರು ಹಚ್ಚಿಕೊಂಡು ಬಾಯಿ ಚಪ್ಪರಿಸಿದರು. ಕೊರಳಲ್ಲಿ ಕ್ಯಾಮೆರಾ, ಎರಡೂ ಕೈಯಲ್ಲಿ ಜೋಳ. "ಇಂಥಾ ಸವಿ ಎಲ್ಲೂ ತಿಂದಿಲ್ಲ ನೋಡ್ರಿ ಕಾಕಾ!" ಎಂದರು ದೀಪಾ ಟೀಚರ್. ಲಕ್ಕಪ್ಪ ಇನ್ನೂ ತಿನ್ರಿ, ಇನ್ನೂ ತಿನ್ರಿ ಎಂದು ಬಡಿಸಿದ. ತಾನು ಮಾತ್ರ ಒಂದು ಕಾಳೂ ಬಾಯಿಗೆ ಹಾಕಲಿಲ್ಲ.

ಉಂಡಾದ ಮೇಲೆ ಶಾಲು ಹೊದಿಸಿದರು. ಟೆಂಪೊದಿಂದ ಬಣ್ಣದ ಬೋರ್ಡೊಂದು ಇಳಿಯಿತು: 'ಇದು ಹಕ್ಕಿಗಳ ಪಾಲು. ಬಿಟ್ಟವರು: ಶ್ರೀ ಲಕ್ಕಪ್ಪ, ಮೇಲವಂಕಿ.'

"ಈ ವರ್ಷ ಹಕ್ಕಿಗೆ ಬಿಟ್ಟ ಸಾಲ ಯಾವದ್ರಿ ಕಾಕಾ? ಅಲ್ಲೇ ನೆಡೋಣು," ಎಂದರು ದೀಪಾ ಟೀಚರ್.

ಲಕ್ಕಪ್ಪ ಹೆಂಡತಿಯತ್ತ ನೋಡಿದ. ಕಾಶೆವ್ವ ಮಜ್ಜಿಗೆ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. ಈಗಲಾದರೂ ಖರೆ ಹೇಳಿಬಿಡೋಣ ಎಂದು ನಾಲಿಗೆಯ ತುದಿಯವರೆಗೆ ಬಂತು. ಆದರೆ ಶಾಲು ಹೆಗಲ ಮೇಲಿತ್ತು, ಎಲ್ಲರ ಕಣ್ಣು ತನ್ನ ಮೇಲಿತ್ತು. ಅವನ ಕೈ ತಾನಾಗಿ ರಸ್ತೆ ಕಡೆಯ ಬಲಿತ ಜೋಳದತ್ತ ಎದ್ದಿತು.

"ಇದ ನೋಡ್ರಿ."

ಬೋರ್ಡ್ ನೆಟ್ಟರು. ಚಪ್ಪಾಳೆ ಹೊಡೆದರು. ಬಗಲಿಗೆ ನಿಲ್ಲಿಸಿಕೊಂಡು ಫೋಟೊ ತೆಗೆದರು. ಚಳಿಗಾಲದ ಬಿಸಿಲಿನಲ್ಲೂ ಶಾಲಿನೊಳಗೆ ಅವನ ಬೆನ್ನು ಬೆವರುತ್ತಿತ್ತು. ಕದ್ದ ಬಟ್ಟೆ ಉಟ್ಟು ಮದುವೆಗೆ ಹೋದವನ ಹಾಗೆ ಅವನಿಗೆ ನಾಚಿಕೆಯಾಯಿತು. ಆದಷ್ಟು ಬೇಗ ಇವರ ಟೆಂಪೊ ಹೋಗಲಿ ಎಂದು ಮನಸ್ಸಿನಲ್ಲೇ ಬಸವಣ್ಣನಿಗೆ ಕೈ ಮುಗಿದ.

"ಬಂದುವು, ಬಂದುವು!" ಎಂದು ಯಾರೋ ಪಿಸುಗುಟ್ಟಿದರು. ಗುಬ್ಬಿಗಳ ಹಿಂಡು ಹಾರಿ ಬಂತು. ಎಲ್ಲರೂ ಬೋರ್ಡಿನತ್ತ ಕ್ಯಾಮೆರಾ ಹಿಡಿದು ಉಸಿರು ಬಿಗಿಹಿಡಿದರು. ಹಿಂಡು ಬೋರ್ಡಿನ ಮೇಲಿಂದ ಹಾಯ್ದು, ಬಲಿತ ಜೋಳದ ಮೇಲಿಂದ ಹಾಯ್ದು, ನೇರವಾಗಿ ಕಾಲುವೆ ದಂಡೆಗೆ ಹೋಗಿ ಇಳಿಯಿತು. ಅಲ್ಲಿ ತಲೆಯಿಲ್ಲದ ದಂಟುಗಳು ಸಾಲಾಗಿ ನಿಂತಿದ್ದವು. ಗುಬ್ಬಿಗಳು ಒಂದು ದಂಟಿನಿಂದ ಇನ್ನೊಂದಕ್ಕೆ ಹಾರಿದವು, ಕುಳಿತವು, ಕೊಕ್ಕು ತಿಕ್ಕಿದವು, ಮತ್ತೆ ಹಾರಿದವು.

"ಅಲ್ಲಿ ಯಾಕ ಹೋದುವ್ರಿ ಕಾಕಾ?" ದೀಪಾ ಟೀಚರ್ ಕ್ಯಾಮೆರಾ ಇಳಿಸಿದರು. "ಅಲ್ಲಿ ತೆನಿನ ಇಲ್ಲಲ್ಲ?"

ಟೀಚರ ಕಣ್ಣು ಆ ದಂಟುಗಳಿಂದ ನಿಧಾನವಾಗಿ ಹೊರಳಿ, ಕೆಂಡದ ಪಕ್ಕ ಬಿದ್ದಿದ್ದ ಖಾಲಿ ತೆನೆಗಳ ಗುಡ್ಡೆಯ ಮೇಲೆ ಬಂದು ನಿಂತಿತು.

ಕಾಶೆವ್ವ ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು.

"ಅವಕ್ಕ ಬೋರ್ಡ್ ಓದಾಕ ಬರೂದಿಲ್ಲಲ್ರೀ, ಟೀಚರ."