ಸೊಂಟದವರೆಗೆ ಮಣ್ಣು

ತೊಡೆ ತಟ್ಟಿ ಅಖಾಡಕ್ಕಿಳಿದ ವಿಡಿಯೊ ಗೇಮಿನ ಪೈಲ್ವಾನ ಸೊಂಟದವರೆಗೆ ಮಣ್ಣಿನಲ್ಲಿ ಹೂತುಹೋದ. ಮಳವಳ್ಳಿಯ ಗರಡಿಯಲ್ಲಿ ಪರದೆಯ ಮುಂದೆ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗರಡಿಯ ಹಿರಿಯ ಮರಿಸಿದ್ದಯ್ಯ ಮಾತ್ರ ನಗಲಿಲ್ಲ. ಆ ಪೈಲ್ವಾನನದು ಅವನದೇ ಹರೆಯದ ಮುಖ. ಪಟ್ಟುಗಳೂ ಅವನೇ ಕ್ಯಾಮೆರಾ ಮುಂದೆ ಹಾಕಿ ತೋರಿಸಿದಂಥವು.

ಆಟವನ್ನು ರೂಪಿಸಿದ ದೀಪಿಕ ತಲೆ ತಗ್ಗಿಸಿದಳು. ವರ್ಷಗಟ್ಟಲೆ ಜಾಹೀರಾತು ಅಬ್ಬರಿಸುತ್ತಿದ್ದಾಗ ಕಂಪನಿಯ ಒಳಗೆ ಕೆಲಸದವರು ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಆಟ ಇನ್ನೂ ಸಿದ್ಧವಿಲ್ಲವೆಂದು ಗೊತ್ತಿದ್ದೂ ಬಿಡುಗಡೆಗೆ ಅವಳು ಹೂಂ ಅಂದಿದ್ದಳು. ಕೊಂಡವರೆಲ್ಲ ಬೈದರು. ಆದರೂ ತೋರಿಸುತ್ತೇನೆಂದು ಮುದುಕನಿಗೆ ಕೊಟ್ಟ ಮಾತು ಉಳಿದಿತ್ತು, ಅದಕ್ಕೇ ಬಂದಿದ್ದಳು.

ಲ್ಯಾಪ್‌ಟಾಪ್ ಮುಚ್ಚಲು ಅವಳು ಕೈ ಚಾಚಿದಳು.

"ತಡಿಯವ್ವ," ಅಂದ ಮರಿಸಿದ್ದಯ್ಯ. "ನೀನೇ ಮಾಡಿದ್ದಲ್ವಾ? ಸರಿ ಮಾಡಕ್ ಆಗಕಿಲ್ವಾ?"

"ಇಲ್ಲ ತಾತ. ಕಂಪ್ನಿನೇ ಮುಚ್ಚೋಯ್ತು. ಇನ್ನ ಅದನ್ನ ಯಾರೂ ಮುಟ್ಟೋ ಅಂಗಿಲ್ಲ."

ಪರದೆಯ ಪೈಲ್ವಾನ ಹೂತಲ್ಲಿಂದಲೇ ಎದುರಾಳಿಯನ್ನು ಹಿಡಿಯಲು ಮತ್ತೆ ಮತ್ತೆ ತೋಳು ಬೀಸುತ್ತಿದ್ದ. ಎದುರಾಳಿ ದೂರದಲ್ಲಿ ಸುಮ್ಮನೆ ನಿಂತಿದ್ದ. ನಗು ನಿಂತು ಜನ ಎದ್ದು ಹೊರಟರು. ಮರಿಸಿದ್ದಯ್ಯ ಕಣ್ಣು ಕೀಳದೆ ಮೆಲ್ಲಗೆ ಕೇಳಿದ:

"ಆಟ ಓಗ್ಲಿ ಬುಡು ಮಗ. ಅವನೊಬ್ಬನ್ನಾದ್ರೂ ಮ್ಯಾಕೆ ಎತ್ತಕ್ ಆಗಕಿಲ್ವಾ?"