ಮೇಡಂ ಬರೆದ ಪುಸ್ತಕ

ಒಂದು ಊರಿನಲ್ಲಿ ಒಂದು ಪುಸ್ತಕವಿತ್ತಂತೆ. ಏಳು ಸುತ್ತಿನ ಕೋಟೆಯೊಳಗಿನ ರಾಜಕುಮಾರಿಯ ಹಾಗೆ ಅದು ಕಾಲೇಜಿನ ಗಾಜಿನ ಬೀರುವಿನಲ್ಲಿ ಕೂತಿತ್ತು. ನೋಡಬಹುದು, ಮನೆಗೆ ಕರೆದೊಯ್ಯುವ ಹಾಗಿಲ್ಲ. ಕೊಳ್ಳೋಣವೆಂದು ಹೋದ ಮಕ್ಕಳು ಬೆಲೆ ಕೇಳಿಯೇ ಅಂಗಡಿಯ ಮೆಟ್ಟಿಲಿಳಿದುಬಿಡುತ್ತಿದ್ದರು. ಹಾಗಾಗಿ ಭಾರತೀನಗರದ ಡಿಗ್ರಿ ಮಕ್ಕಳು ಅದರ ಜೆರಾಕ್ಸು, ಜೆರಾಕ್ಸಿನ ಜೆರಾಕ್ಸು ಓದಿಕೊಂಡೇ ಸಸ್ಯಶಾಸ್ತ್ರ ಕಲಿತರು. ಎಷ್ಟು ಶ್ರದ್ಧೆಯಿಂದ ಕಲಿತರೆಂದರೆ, ಟೆಸ್ಟಿನಲ್ಲಿ ಕಾಂಡದ ಅಡ್ಡಕೊಯ್ತದ ಚಿತ್ರ ಬರೆಯಿರಿ ಎಂದಾಗ ಇಡೀ ಕ್ಲಾಸು, ಒಬ್ಬರೂ ಬಿಡದೆ, ನಟ್ಟನಡುವೆ ಒಂದು ಡೊಂಕು ಗೆರೆ ಎಳೆದು ಅದಕ್ಕೆ ‘ನಾಳ’ ಎಂದು ಹೆಸರಿಟ್ಟಿತು. ಅಂಥ ನಾಳ ಭೂಮಿಯ ಮೇಲಿನ ಯಾವ ಗಿಡದಲ್ಲೂ ಇಲ್ಲ. ಅದು ಬಸ್‌ಸ್ಟ್ಯಾಂಡಿನ ಎದುರಿನ ಜೆರಾಕ್ಸ್ ಮಿಷನ್ನಿನ ಗಾಜು ಬಿಟ್ಟಿದ್ದ ಬಿರುಕು!

ಪೇಪರು ತಿದ್ದುತ್ತಿದ್ದ ಸಸ್ಯಶಾಸ್ತ್ರದ ಮೇಡಂ ಆಶ್ರಿತಾ ಮೊದಲು ಬಿದ್ದು ಬಿದ್ದು ನಕ್ಕಳು. ಆಮೇಲೆ ಯಾಕೋ ಕಣ್ಣು ತುಂಬಿ ಬಂತು. ಮರುದಿನ ಕ್ಲಾಸಿನಲ್ಲಿ ಮಾತು ಕೊಟ್ಟೇಬಿಟ್ಟಳು: “ನಾನೇ ಒಂದು ಪುಸ್ತಕ ಬರೀತೀನಿ. ಕನ್ನಡದಲ್ಲಿ. ಫೋನಿನಲ್ಲೇ ಓದ್ಕೋಬಹುದು, ಒಂದು ಕಾಸೂ ಕೊಡಬೇಕಿಲ್ಲ. ಪರೀಕ್ಷೆಗೆ ಮುಂಚೆ ನಿಮ್ಮ ಕೈಲಿರತ್ತೆ.”

ಪರೀಕ್ಷೆ ಗುರುವಾರಕ್ಕೆ ಬಂದು ನಿಂತಿತು. ಪುಸ್ತಕ ಮಾತ್ರ ಬರೆದು ಮುಗಿದಿದ್ದರೂ ಮಳವಳ್ಳಿಯ ಮನೆಯಲ್ಲಿ, ಆಶ್ರಿತಾಳ ಲ್ಯಾಪ್‌ಟಾಪಿನಲ್ಲೇ ಉಳಿದಿತ್ತು. ಭಾನುವಾರ ಮಧ್ಯಾಹ್ನ ಅವಳ ಶಿಷ್ಯೆ ಅನು, ದುದ್ದದ ಕಡೆಯ ಹುಡುಗಿ, ಹಾಸ್ಟೆಲಿನಿಂದ ಬಸ್ಸು ಹತ್ತಿ ಬಂದೇಬಿಟ್ಟಳು. ಪಡಸಾಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಆಶ್ರಿತಾಳ ಅಜ್ಜಿ ಆಂಡಾಳಮ್ಮ, ಬಂದವಳ ಮುಂದಕ್ಕೆ ಒಂದು ಮೊರ ಕಾಯಿ ಸರಿಸಿ, “ಮಾತಾಡ್ತಾ ಬಿಡಿಸಮ್ಮ” ಎಂದರು.

“ಯಾಕ್ ಮೇಡಂ ಇನ್ನೂ ಬುಟ್ಟಿಲ್ಲ?” ಅನು ಕೂತವಳೇ ಶುರುಮಾಡಿದಳು. “ಆಸ್ಟ್ಲಲ್ಲಿ ಎಲ್ಲಾರೂ ನನ್ ಜೀವ ತಿಂತಾವ್ರೆ. ನಿಮ್ ಮೇಡಂನ ನಂಬ್ಕೊಂಡ್ರೆ ಆಯ್ತು, ನಾವ್ ಮತ್ತೆ ಅದೇ ಜೆರಾಕ್ಸಿಗೇ ಓಯ್ತೀವಿ ಅಂತಾವ್ರೆ.”

“ಎಲ್ಲ ಆಗಿದೆ ಕಣೇ. ಜಾಲತಾಣಕ್ಕೆ ಹಾಕೋವಾಗ ಒಂದು ಪ್ರಶ್ನೆ ಕೇಳತ್ತೆ: ಇದನ್ನ ಬೇರೆಯವರು ತಿದ್ದಬಹುದಾ, ಬೇಡ್ವಾ? ಓದಲಿ, ಹಂಚಲಿ, ಬೇಕಾದ್ರೆ ಅಚ್ಚು ಹಾಕಿಸ್ಕೊಳ್ಳಲಿ. ಆದ್ರೆ ತಿದ್ದೋದು ಅಂದ್ರೆ…”

ಅನುವಿನ ಕೈ ಅವರೆಕಾಯಿಯ ಮೇಲೇ ನಿಂತಿತು. “ಮೇಡಂ, ನೀವು ಮೊದಲ್ನೇ ಪಾಠ ನೋಡು ಅಂತ ಕಳ್ಸಿದ್ರಲ್ಲ… ನಾನು ಆಗ್ಲೇ ತಿದ್ಬುಟ್ಟಿವ್ನಿ. ಗ್ರೂಪಿಗೂ ಆಕ್ಬುಟ್ಟೆ.”

ಆಶ್ರಿತಾ ಅವಳ ಫೋನು ಕಸಿದುಕೊಂಡು ನೋಡಿದಳು. ಬೆಳಗಿನ ಜಾವ ಎದ್ದು, ತನಗೇ ರೋಮಾಂಚನವಾಗುವಂತೆ ಬರೆದಿದ್ದ ಒಂದು ಸಾಲಿತ್ತು: ‘ಇರುಳ ಬಾನಿನಲ್ಲಿ ಯಾರೋ ನಕ್ಷತ್ರ ಚೆಲ್ಲಿದಂತೆ, ನಾಳಕೂರ್ಚಗಳು ಕಾಂಡದ ತುಂಬ ಚೆದುರಿವೆ.’ ಅದು ಮಾಯವಾಗಿತ್ತು. ಅದರ ಜಾಗದಲ್ಲಿ, ‘ಕಬ್ಬನ್ನು ಮಚ್ಚಿನಿಂದ ಅಡ್ಡ ಕಡಿದು ನೋಡಿ. ಚುಕ್ಕಿ ಚುಕ್ಕಿ ಕಾಣುವುದೇ ನಾಳಕೂರ್ಚ. ಜಗಿಯುವಾಗ ಹಲ್ಲಿನ ಸಂದಿಗೆ ಸಿಕ್ಕುವ ನಾರೂ ಅದೇ’ ಎಂದಿತ್ತು.

“ನನ್ನ ನಕ್ಷತ್ರ ಎಲ್ಲೇ?”

“ತೆಗ್ದೆ ಮೇಡಂ. ಚೆಂದಾಗೇ ಇತ್ತು, ಇಲ್ಲ ಅನ್ನಕಿಲ್ಲ. ಆದ್ರೆ ಓದ್ದೋರೆಲ್ಲ ಆಕಾಸ ನೋಡ್ಕೊಂಡು ಕೂತ್ರು. ಕಬ್ಬು ಆಕ್ದ ಮ್ಯಾಕೆ ಒಬ್ರೂ ಡೌಟು ಕೇಳ್ನಿಲ್ಲ.”

ಆಶ್ರಿತಾ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನ ಮುಚ್ಚಳ ಟಪ್ಪನೆ ಮುಚ್ಚಿದಳು. “ನೋಡಿದ್ಯಾ ಅಜ್ಜಿ? ಹೀಗೆ ಒಬ್ಬೊಬ್ಬರು ಒಂದೊಂದು ಕಿತ್ತರೆ ನಾನು ಬರೆದದ್ದು ಅಂತ ಏನುಳಿಯತ್ತೆ?”

ಆಂಡಾಳಮ್ಮ ಹುಳುಕು ಕಾಯಿಯೊಂದನ್ನು ಆಚೆಗೆಸೆದರು. “ಕೆರೆ ದಂಡೆ ರಾಕ್ಷಸನ ಕಥೆ ನೆನಪಿದ್ಯಾ ಪುಟ್ಟಿ?”

“ಇಲ್ದೆ ಏನು? ಕೊನೇಲಿ ಅವನು ತಲೆ ಬೋಳಿಸ್ಕೊಂಡು ಹೂವಿನ ಗಿಡಕ್ಕೆ ನೀರು ಹಾಕ್ಕೊಂಡಿರ್ತಾನೆ.”

“ನಮ್ಮಮ್ಮ ನನಗೆ ಹೇಳಿದಾಗ ಅವನು ಸಾಯ್ತಿದ್ದ ಕಣೇ. ತಲೆ ಮೂರು ಹೋಳಾಗಿ, ಕೆರೆ ನೀರೆಲ್ಲ ಕೆಂಪಾಗಿ. ನೀನು ಚಿಕ್ಕವಳಿದ್ದಾಗ, ಅವನನ್ನ ಸಾಯಿಸ್ಬೇಡ ಅಂತ ಊಟ ಬಿಟ್ಟು ರಂಪ ಮಾಡಿದೆ. ಅವತ್ತಿಂದ ಬದುಕಿದಾನೆ. ಬೀದಿ ಮಕ್ಕಳಿಗೆಲ್ಲ ನಾನು ಹಾಗೇ ಹೇಳಿರೋದು.”

“ನಿಮ್ಮಮ್ಮ ಬೈನಿಲ್ವಾ ಅಜ್ಜಿ?” ಅನು ಬಾಯಿಬಿಟ್ಟುಕೊಂಡು ಕೇಳಿದಳು.

“ಬೈಯೋದಕ್ಕೆ ಅವಳು ತಾನೆ ಎಲ್ಲೆಲ್ಲಿ ತಿದ್ದಿದ್ಲೋ ಯಾರಿಗೆ ಗೊತ್ತು?”

ಅಜ್ಜಿ ಮತ್ತೆ ಕಾಯಿಗೆ ಕೈ ಹಾಕಿದರು. ಆ ರಾಕ್ಷಸನ ಕೈಯ ನೀರಿನ ಚೊಂಬು, ಬೋಳುತಲೆಯ ಮೇಲೆ ಕೂರುವ ಚಿಟ್ಟೆ, ಎಲ್ಲ ಆಶ್ರಿತಾಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿತ್ತು. ಅವನು ಸಾಯುವ ಕಥೆಯಾಗಿದ್ದಿದ್ದರೆ ತನಗೆ ನೆನಪಿರುತ್ತಿತ್ತೋ ಇಲ್ಲವೋ. ಅನುವಿನ ಕಬ್ಬನ್ನು ಇನ್ನೊಮ್ಮೆ ಓದಿದಳು. ನಾಲಿಗೆ ತನಗೆ ತಾನೇ ಹಲ್ಲಿನ ಸಂದಿಗೆ ಹೋಯಿತು. ನಗು ಬಂತು.

ಮುಚ್ಚಳ ತೆಗೆದಳು. ಪುಟದಲ್ಲಿ ಕಬ್ಬನ್ನು ಸೇರಿಸಿದಳು. ತನ್ನ ಹೆಸರಿನ ಕೆಳಗೆ ಅನುವಿನ ಹೆಸರು ಬರೆದಳು. ‘ಯಾರು ಬೇಕಾದರೂ ತಿದ್ದಬಹುದು’ ಎಂಬಲ್ಲಿ ಗುರುತು ಹಾಕಿ, ಕಣ್ಣು ಮುಚ್ಚಿ, ಒತ್ತಿದಳು.

“ಬಂತು ಮೇಡಂ, ಬಂತು!” ಫೋನು ಹಿಡಿದು ಅನು ಬಾಗಿಲಿಗೆ ಓಡಿದಳು. ಭಾರತೀನಗರದ ಬಸ್ಸಿಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟುತ್ತಲೇ ಪುಟ ತಿರುವುತ್ತಿದ್ದವಳು ಹೊಸಿಲಾಚೆ ಗಕ್ಕನೆ ನಿಂತಳು.

“ಮೇಡಂ, ಬೇರಿನ ಪಾಠದಾಗೆ ಒಂಚೂರು ಕೈಯಾಡ್ಸ್ಲಾ?”

ಆಶ್ರಿತಾ ಅವರೆಕಾಯಿಯ ಮೊರ ಹತ್ತಿರಕ್ಕೆಳೆದುಕೊಂಡಳು.

“ಅದನ್ನ ನನ್ನ ಯಾಕೆ ಕೇಳ್ತೀಯೇ?”